ಕಾರ್ಟೂನು ಎಲ್ಲಿ ಕೆಟ್ಟಿತು ಎಂದು ವಾದಿಸುತ್ತಿದ್ದಾಗ

ಮೂರು ಸೆಕೆಂಡು ಇರಬಹುದು. ನಾಲ್ಕೂ ಇರಬಹುದು. ಲ್ಯಾಬಿನಲ್ಲಿ ನೀರಿನ ಮಾದರಿ ಸೋಸಲು ಇಟ್ಟು ಕೂತಾಗ ಗೋಡೆಯ ಗಡಿಯಾರ ನೋಡುತ್ತಾ ಎಣಿಸುತ್ತೇನೆ. ಒಂದು, ಎರಡು, ಮೂರು. ಅಷ್ಟು ಹೊತ್ತು ಕಿಟಕಿಯ ಆಚೆ ನನ್ನ ಗೆಳೆಯನಿಗೆ ಕರೆಂಟು ಹೊಡೆಯುತ್ತಿತ್ತು, ಈಚೆ ನಾವು ನಗುತ್ತಿದ್ದೆವು. ಎಣಿಸಿದಾಗಲೇ ಗೊತ್ತಾಗುವುದು, ಮೂರು ಸೆಕೆಂಡು ಬಹಳ ಉದ್ದ. ಚಪ್ಪಲಿ ಮೆಟ್ಟಿ ಬಾಗಿಲು ತೆಗೆಯಬಹುದು. ಒಂದು ಸ್ವಿಚ್ಚನ್ನು ಹತ್ತು ಸಲ ಆರಿಸಬಹುದು.

ಆ ಸ್ವಿಚ್ಚು ಹಾಕಿದವಳು ನಾನು. ಅದನ್ನು ಯಾರಿಗೂ ಹೇಳದೆ ಮೂರು ವಾರ ಕಳೆದೆ.

ನಾನು ನಾಗಪುರಕ್ಕೆ ಬಂದು ನಾಲ್ಕು ವರ್ಷವಾಯಿತು. ಸಂಶೋಧನಾ ಸಂಸ್ಥೆಯೊಂದರಲ್ಲಿ ನೀರು ಪರೀಕ್ಷಿಸುವ ಕೆಲಸ. ಊರು ಮೈಸೂರು. ಇಲ್ಲಿ ನನಗೆ ಮೊದಲು ಸಿಕ್ಕ ಕನ್ನಡಿಗ ಸಿಕ್ಕಿದ್ದು ಕನ್ನಡ ಸಂಘದಲ್ಲಲ್ಲ, ಒಂದು ಕಾರ್ಟೂನಿನ ಅಭಿಮಾನಿಗಳ ಆನ್‌ಲೈನ್ ಪುಟದಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬರುತ್ತಿರುವ ಹಾಸ್ಯದ ಕಾರ್ಟೂನು ಅದು. ಒಂದು ಹಳೇ ಲಾಡ್ಜು. ಎಲ್ಲವನ್ನೂ ತಾನೇ ರಿಪೇರಿ ಮಾಡಲು ಹೋಗಿ ಕೆಡಿಸುವ ಬೋಳುತಲೆಯ ಮ್ಯಾನೇಜರು. ಅವನನ್ನು ಬೈಯುತ್ತಲೇ ಕಾಪಾಡುವ ಅಡುಗೆಯವಳು. ಕೋಣೆ ಬಿಟ್ಟು ಹೋಗದ ಒಬ್ಬ ಗಿರಾಕಿ. ಇಷ್ಟೇ. ಚಿಕ್ಕಂದಿನಲ್ಲಿ ಹಿಂದಿ ಡಬ್ಬಿಂಗಿನಲ್ಲಿ ನೋಡಿದವರು ದೊಡ್ಡವರಾದ ಮೇಲೂ ಬಿಟ್ಟಿಲ್ಲ. ಈಗ ಆ ಪುಟದಲ್ಲಿ ನೋಡುವುದಕ್ಕಿಂತ ಹೆಚ್ಚಾಗಿ ನಡೆಯುವುದು ಜಗಳ: ಇದು ಯಾವಾಗ ಕೆಟ್ಟಿತು, ಯಾಕೆ ಕೆಟ್ಟಿತು, ಯಾರು ಕೆಡಿಸಿದರು. ಹೊಸ ಕಂತಿನ ತುಣುಕೊಂದರ ಕೆಳಗೆ ಯಾರೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು: ‘ಏನ್ ಹೊಲಸ್ ಮಾಡಿ ಇಟ್ಟಾರಪಾ ಇದನ್ನ.’ ನಾನು ಉತ್ತರಿಸಿದೆ. ವಿಚಾರಿಸಿದರೆ ಅವನ ಮನೆ ಲಕ್ಷ್ಮೀ ನಗರದಲ್ಲಿ, ನನ್ನ ಬಾಡಿಗೆ ಮನೆಯಿಂದ ಎರಡು ಬೀದಿ ಆಚೆ.

ಅವನ ಅಪ್ಪ ಬಾಗಲಕೋಟೆ ಕಡೆಯಿಂದ ಇಲ್ಲಿಯ ಸರ್ಕಾರಿ ಕಾರ್ಖಾನೆಗೆ ಬಂದು, ನಿವೃತ್ತರಾಗಿ, ಇಲ್ಲೇ ಉಳಿದವರು. ಅವನು ಹುಟ್ಟಿದ್ದು, ಓದಿದ್ದು ಇಲ್ಲಿಯೇ. ಊರಂಚಿನ ವಾಡಿ ಎಂಬಲ್ಲಿಯ ಗೋದಾಮೊಂದರಲ್ಲಿ ಲಾರಿಗಳಿಗೆ ಸರಕು ಹೊಂದಿಸುವ ಕೆಲಸ. ಕನ್ನಡ ಓದಲು ತಡವರಿಸುತ್ತಾನೆ, ಮಾತು ಮಾತ್ರ ಅವ್ವನ ಬಾಯಿಂದ ಕಿತ್ತು ತಂದ ಹಾಗೆ. ನಮ್ಮ ಗುಂಪಿನ ಮೂರನೆಯವಳು ಅವನ ಶಾಲೆಯ ಗೆಳತಿ, ಮರಾಠಿ ಹುಡುಗಿ, ಹಲ್ಲಿನ ಡಾಕ್ಟರು. ಮೂವರೂ ಸೇರಿದರೆ ಹಿಂದಿ, ಮರಾಠಿ, ಕನ್ನಡ ಎಲ್ಲ ಕಲಸಿ ಹೋಗುತ್ತದೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅವರ ಮನೆಯ ಹಾಲಿನಲ್ಲಿ ಹೊಸ ಕಂತು. ನಾಗಪುರದ ಬೇಸಿಗೆಯಲ್ಲಿ ಇದಕ್ಕೊಂದು ತೊಡಕಿತ್ತು. ಅವರ ಕೂಲರ್ ಹಳೇ ತಗಡಿನದು, ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಪಂಪು ಅದರ ಹುಲ್ಲಿನ ಪರದೆಗೆ ನೀರು ಹಾಯಿಸುತ್ತಿತ್ತು, ಫ್ಯಾನು ಆ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ಒಳಗೆ ತಳ್ಳುತ್ತಿತ್ತು. ಹಾಕಿದರೆ ಹಾಲಿನಲ್ಲಿ ಲಾರಿ ನಿಲ್ಲಿಸಿದಂಥ ಸದ್ದು, ಟಿವಿಯ ಒಂದು ಮಾತೂ ಕೇಳದು. ಹಾಗಾಗಿ ನಿಯಮ ಮಾಡಿಕೊಂಡಿದ್ದೆವು. ಕಾರ್ಟೂನು ನಡೆಯುವಾಗ ಕೂಲರ್ ಬಂದ್. ಬೆವರುತ್ತಾ ನೋಡುವುದು. ಮುಗಿದು ಜಗಳ ಶುರುವಾದ ಕೂಡಲೇ ಕೂಲರ್ ಚಾಲೂ. ಬಂದ್ ಇರುವ ಆ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಗೆಳೆಯ ಹೊರಗಿನ ಓಣಿಗೆ ಹೋಗಿ ಪೈಪಿನಿಂದ ಕೂಲರಿನ ಟ್ಯಾಂಕಿಗೆ ನೀರು ತುಂಬುತ್ತಿದ್ದ. ಕರೆಂಟು ಇಲ್ಲದಾಗಲೇ ನೀರು ತುಂಬಬೇಕು ಎನ್ನುವುದು ಅವನ ಅಪ್ಪನ ಕಟ್ಟುನಿಟ್ಟು. ಪಕ್ಕದ ಗಾಜಿನ ಮೂಲಕ ಅಲ್ಲಿಂದಲೇ ಟಿವಿ ನೋಡುತ್ತಾ, ಅಲ್ಲಿಂದಲೇ ಕೂಗುತ್ತಾ ಇರುತ್ತಿದ್ದ.

ಸ್ವಿಚ್ಚಿನ ಅಧಿಕಾರ ಅಪ್ಪನದು. ಬೋರ್ಡಿನ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು. ಹಾಡು ಮುಗಿದು ಹೆಸರುಗಳು ಬರತೊಡಗಿದ ಕೂಡಲೇ, ‘ಮುಗೀತೇನು ನಿಮ್ಮ ಪುರಾಣ? ಬಡದಾಡ್ರಿ ಇನ್ನ’ ಅಂದು ಮೊದಲು ಎಡಗಡೆಯ ಪಂಪಿನ ಸ್ವಿಚ್ಚು, ಐದು ನಿಮಿಷ ಬಿಟ್ಟು ಬಲಗಡೆಯ ಫ್ಯಾನಿನದು ಹಾಕುವರು. ಕೆಲವೊಮ್ಮೆ ಪೇಪರಿನಿಂದ ತಲೆಯೆತ್ತಿ ಕೇಳುವರು: “ಅಲ್ಲೋ, ಆ ಬೋಳ್ಯಾ ಇನ್ನೂ ರಿಟೈರ್ ಆಗಿಲ್ಲೇನು? ನಾ ಆಗಿ ಒಂಬತ್ತು ವರ್ಷಾತು.”

“ಅದೇ ಅಂಕಲ್ ಪ್ರಾಬ್ಲಮ್ಮು” ಅನ್ನುತ್ತಿದ್ದೆ ನಾನು.

ನಮ್ಮ ಮೂವರದು ಮೂರು ವಾದ. ಗೆಳೆಯನದು, ಮೊದಲು ಬರೆಯುತ್ತಿದ್ದವರು ಬಿಟ್ಟು ಹೋದರು, ಈಗ ಬರೆಯುವವರು ಆ ಕಾರ್ಟೂನು ನೋಡಿ ಬೆಳೆದ ನಮ್ಮಂಥವರು, ಅವರಿಗೆ ಲಾಡ್ಜು ಗೊತ್ತಿಲ್ಲ, ಕಾರ್ಟೂನು ಮಾತ್ರ ಗೊತ್ತು. ಡಾಕ್ಟರಮ್ಮನದು ಚಿತ್ರದ ಮೇಲೆ ಕಣ್ಣು: ಗೆರೆಗಳು ತೀರಾ ಸ್ವಚ್ಛವಾಗಿಬಿಟ್ಟಿವೆ, ಮೊದಲು ಮ್ಯಾನೇಜರಿನ ಹಲ್ಲು ಸೊಟ್ಟ ಇತ್ತು, ಈಗ ಸಾಲಾಗಿದೆ, ಕ್ಲಿಪ್ ಹಾಕಿದ್ದು ಯಾರು ಎಂದು ರೇಗುವಳು. ನನ್ನದು ಪೆಟ್ಟಿನ ವಾದ. ಮೊದಮೊದಲ ಕಂತುಗಳಲ್ಲಿ ಮ್ಯಾನೇಜರು ಏಣಿಯಿಂದ ಬಿದ್ದರೆ ಮುಂದಿನ ಮೂರು ಕಂತು ಅವನ ಕೈಗೆ ಪಟ್ಟಿ ಇರುತ್ತಿತ್ತು. ಅಡುಗೆಯವಳು ಅವನಿಗೆ ಅನ್ನ ಕಲಸಿ ಕೊಡುತ್ತಿದ್ದಳು. ಈಗ ಅವನಿಗೆ ಕರೆಂಟು ಹೊಡೆಯುತ್ತದೆ, ಎಲುಬುಗಳು ಮಿಣುಕುತ್ತವೆ, ಹೊಗೆ ಬರುತ್ತದೆ, ಮರುಕ್ಷಣ ಇಲ್ಲದ ಕೂದಲು ಬಾಚಿಕೊಳ್ಳುತ್ತಾ ನಿಂತಿರುತ್ತಾನೆ. ಪೆಟ್ಟು ಉಳಿಯದಿದ್ದರೆ ನಗು ಎಲ್ಲಿಂದ ಬರಬೇಕು? ಇದನ್ನು ಆ ಪುಟದಲ್ಲೂ ಉದ್ದುದ್ದ ಬರೆದಿದ್ದೇನೆ. ಬಹಳ ಜನ ಮೆಚ್ಚಿದ್ದರು.

ಆ ಕರೆಂಟಿನ ಜೋಕು ಹತ್ತು ಹನ್ನೆರಡು ಸಲವಾದರೂ ಬಂದಿತ್ತು. ನಮ್ಮ ಮೂವರಿಗೂ ಅದರ ಮೇಲೆ ಸಿಟ್ಟು. ಸಿಟ್ಟು ಎಂದೆ, ಆದರೆ ಗೆಳೆಯ ಅದನ್ನು ಅಣಕಿಸುವುದನ್ನು ನೋಡಲು ಕಾಯುತ್ತಿದ್ದೆವು. ಹಲ್ಲು ಕಚ್ಚಿ, ಕಣ್ಣು ಅಗಲಿಸಿ, ಕುತ್ತಿಗೆಯ ನರ ಉಬ್ಬಿಸಿ, ಇಡೀ ಮೈ ಗಡಗಡ ಅದುರಿಸುವನು. ಮುಗಿದ ಮೇಲೆ ಶಾಂತವಾಗಿ ಬೋಳುತಲೆ ಬಾಚುವಂತೆ ನಟಿಸುವನು. ಪ್ರತಿ ಭಾನುವಾರ ಒಮ್ಮೆಯಾದರೂ ಮಾಡಿಸುತ್ತಿದ್ದೆವು.

ಮೇ ತಿಂಗಳ ಆ ಭಾನುವಾರ ಬಿಸಿಲು ನಲವತ್ತೈದು ಡಿಗ್ರಿ ದಾಟಿತ್ತು. ಹನ್ನೊಂದಕ್ಕೇ ಗೋಡೆಗಳು ಬಿಸಿ. ಅಪ್ಪ ಪೇಪರನ್ನು ಮಡಿಲಲ್ಲಿಟ್ಟು ತೂಕಡಿಸುತ್ತಿದ್ದರು. ಅವ್ವ ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದರು. ಗೆಳೆಯ ಹೊರಗೆ, ಬರಿಗಾಲಲ್ಲಿ, ಒಂದು ಕೈಯಲ್ಲಿ ಪೈಪು. ಹತ್ತೋ ಹನ್ನೊಂದೋ ನಿಮಿಷವಾಗಿತ್ತು. ಟಿವಿಯಲ್ಲಿ ಮ್ಯಾನೇಜರು ಗೀಸರಿನ ವೈರಿಗೆ ಬೆರಳಿಟ್ಟ. ಎಲುಬು ಮಿಣುಕಿದವು. ಡಾಕ್ಟರಮ್ಮ ರಿಮೋಟ್ ಎತ್ತಿ ನಿಲ್ಲಿಸಿಬಿಟ್ಟಳು.

“ಬಸ್! ಇನ್ನು ನಾನು ನೋಡಲ್ಲ. ಮತ್ತೆ ಅದೇ!” ಎಂದಳು ಹಿಂದಿಯಲ್ಲಿ.

ನಡುವೆ ನಿಲ್ಲಿಸುವುದು ನಮ್ಮಲ್ಲಿ ಇರಲಿಲ್ಲ. ಯಾವತ್ತೂ ಮುಗಿದ ಮೇಲೆಯೇ ಜಗಳ. ಆದರೆ ಅವತ್ತು ನಿಂತಿತು, ಜಗಳ ಹತ್ತಿಕೊಂಡಿತು. ಗೆಳೆಯ ಹೊರಗಿನಿಂದ ಗಾಜಿಗೆ ಮುಖ ಒತ್ತಿ, “ಹೇಳಿದ್ನಿಲ್ಲ! ಬರಿಯೋರ್ ತಲಿ ಖಾಲಿ ಆಗೇತಿ!” ಎಂದು ಕೂಗಿದ. ನಾನು ಎದ್ದು ನಿಂತೆ. “ಬರೆಯೋರದ್ದಲ್ಲ ಕಣೋ, ಅವನಿಗೆ ನೋವೇ ಆಗಲ್ಲ, ಅದು ಪ್ರಾಬ್ಲಮ್ಮು” ಎಂದೆ. “ನಿಂದೊಂದು ನೋವಿನ ಕಥಿ, ಮೈಸೂರಮ್ಮ!” ಎಂದ ಅವನು, ಒಂದು ಕೈ ಕೂಲರಿನ ಮೇಲಿಟ್ಟು, ಆರಾಮಾಗಿ ಒರಗಿ.

ಅವನಿಗೆ ಉತ್ತರ ಕೊಡುತ್ತಲೇ, ಅವನನ್ನೇ ನೋಡುತ್ತಲೇ, ನಾನು ಅವನ ಅಪ್ಪನ ಹೆಗಲ ಮೇಲಿಂದ ಕೈ ಚಾಚಿ ಫ್ಯಾನಿನ ಸ್ವಿಚ್ಚು ಒತ್ತಿದೆ. ಸೆಕೆಯಾಗುತ್ತಿತ್ತು. ಜಗಳ ಶುರುವಾಗಿತ್ತು, ಜಗಳ ಎಂದರೆ ಕೂಲರ್. ಅದಕ್ಕಿಂತ ಹೆಚ್ಚು ಯೋಚನೆ ನನ್ನ ತಲೆಯಲ್ಲಿ ಇರಲಿಲ್ಲ; ಎಷ್ಟು ಸಲ ಹುಡುಕಿದರೂ ಅಷ್ಟೇ ಸಿಗುತ್ತದೆ.

ಗಾಜಿನಾಚೆ ಅವನು ಹಲ್ಲು ಕಚ್ಚಿದ. ಕಣ್ಣು ಅಗಲವಾದವು. ಕುತ್ತಿಗೆಯ ನರ ಉಬ್ಬಿತು. ಮೈ ಗಡಗಡ ಅದುರಿತು.

“ವಾಹ್!” ಎಂದು ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು. ನಾನು ನಕ್ಕೆ. ನಗುತ್ತಾ, “ಲೋ, ಇದಕ್ಕಿಂತ ಆ ಕಾರ್ಟೂನೇ ವಾಸಿ” ಎಂದೆ.

ಅಡುಗೆಮನೆಯಿಂದ ಮಜ್ಜಿಗೆಯ ತಟ್ಟೆ ಹಿಡಿದು ಬಂದ ಅವ್ವನಿಗೆ ಆ ಜೋಕು ಗೊತ್ತಿರಲಿಲ್ಲ. ಒಂದು ದಿನವೂ ಅವರು ಆ ಕಾರ್ಟೂನು ಕೂತು ನೋಡಿದವರಲ್ಲ. ಅವರಿಗೆ ಕಂಡದ್ದು ಮಗನ ಮುಖ. ತಟ್ಟೆ ಬಿಟ್ಟರು. ಲೋಟಗಳು ಉರುಳಿದವು. ಗಂಡನನ್ನು ಕುರ್ಚಿ ಸಮೇತ ಆಚೆ ತಳ್ಳಿ ಸ್ವಿಚ್ಚು ಆರಿಸಿದರು. ಕಿಟಕಿಯಿಂದ ಅವನ ಮುಖ ಕೆಳಗೆ ಜಾರಿ ಮಾಯವಾಯಿತು. ಆಗಲೂ, ಅವನು ಬಿದ್ದ ಮೇಲೂ, ನನ್ನ ಬಾಯಿ ನಗುವಿನ ಆಕಾರದಲ್ಲೇ ಇತ್ತು.

ಅವನು ಉಳಿದ. ಅದನ್ನು ಮೊದಲೇ ಹೇಳಬೇಕಿತ್ತೇನೋ. ಓಣಿಯಲ್ಲಿ ಒದ್ದೆ ನೆಲದ ಮೇಲೆ ಬಿದ್ದಿದ್ದವನ ಎದೆ ಒತ್ತಿದ್ದು ಡಾಕ್ಟರಮ್ಮ. ಪಕ್ಕದ ಮನೆಯವರ ಕಾರಿನಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣು ಬಿಟ್ಟ. ಅಂಗೈ ಸುಟ್ಟಿತ್ತು, ಮೊಣಕೈ ಸೀಳಿತ್ತು. ಹೃದಯದ ಬಡಿತ ನೋಡಲು ಎರಡು ದಿನ ಇಟ್ಟುಕೊಂಡರು. ಆಮೇಲೆ ಬಂದ ಎಲೆಕ್ಟ್ರಿಷಿಯನ್ನು, ಫ್ಯಾನಿನ ಮೋಟಾರಿನ ವೈರು ತಗಡಿಗೆ ಉಜ್ಜಿ ಉಜ್ಜಿ ಬೆತ್ತಲಾಗಿದೆ, ಪ್ಲಗ್ಗಿನ ಮೂರನೇ ಪಿನ್ನು, ಅರ್ಥಿಂಗಿನದು, ಎಂದೋ ಮುರಿದುಹೋಗಿದೆ ಎಂದು ತೋರಿಸಿದ.

ಆಸ್ಪತ್ರೆಯ ಬೆಂಚಿನಲ್ಲಿ ಅಪ್ಪ ತಮ್ಮ ಬಲಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

“ನಿದ್ದಿಗಣ್ಣಾಗ ಒತ್ತೇನಿ ನಾ” ಎಂದರು. “ನೀವು ಬಡದಾಡೋದ ಕೇಳ್ಸಿತು. ಮುಗೀತು ಅನ್ಕೊಂಡೆ. ರೂಢಿ ನೋಡು. ಕೈ ತಾನ ಹೋತು.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸು ಬಂದು ಅವರನ್ನು ಒಳಗೆ ಕರೆದಳು. ನಿಜವಾಗಿಯೂ ಕರೆದಳು, ಅದು ನೆಪವಲ್ಲ. ಆದರೆ ಅವರು ಹೊರಗೆ ಬಂದ ಮೇಲೂ ನಾನು ಹೇಳಲಿಲ್ಲ. ಮರುದಿನ ಹೇಳೋಣ ಅಂದುಕೊಂಡೆ. ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂದು ಸುಮ್ಮನಾದೆ. ಪ್ರತಿ ದಿನ ಹೀಗೇ ಒಂದು ದಿನ ಕೂಡುತ್ತಾ ಹೋಯಿತು. ಬೇರೆ ಯಾರೂ ನೋಡಿರಲಿಲ್ಲ. ಡಾಕ್ಟರಮ್ಮನ ಕಣ್ಣು ಕಿಟಕಿಯ ಕಡೆಗಿತ್ತು. ಗೆಳೆಯನಿಗೆ ಆ ಗಳಿಗೆಯೇ ನೆನಪಿಲ್ಲ.

ವಾರದೊಳಗೆ ಅವನು ಕೈಗೆ ಪಟ್ಟಿ ಕಟ್ಟಿಕೊಂಡೇ ಆ ಪುಟದಲ್ಲಿ ಬರೆದ: ಕರೆಂಟಿನ ಜೋಕು ಸ್ವತಃ ಮಾಡಿ ನೋಡಿದ್ದೇನೆ, ಚೆನ್ನಾಗಿಲ್ಲ, ದಯವಿಟ್ಟು ಕೈಬಿಡಿ. ನೂರಾರು ಜನ ನಕ್ಕರು. ಯಾರೋ ನನ್ನ ಹಳೆಯ ಬರಹವನ್ನು ಹುಡುಕಿ ಅದರ ಕೆಳಗೆ ಅಂಟಿಸಿದ್ದರು. ಪೆಟ್ಟು ಉಳಿಯಬೇಕು ಎಂಬ ನನ್ನ ಸಾಲು. ಓದಿ ಫೋನು ಮಗುಚಿ ಇಟ್ಟೆ. ಅಳಿಸಲು ಮತ್ತೆ ತೆಗೆದೆ. ಅಳಿಸಲಿಲ್ಲ. ಮತ್ತೆ ಇಟ್ಟೆ.

ಅವರ ಮನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ವಾರಕ್ಕೆ ಎರಡು ಸಲ ಹಣ್ಣು ಹಿಡಿದು ಹೋಗುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಎದ್ದು ಅವ್ವನ ಹಿಂದೆ ಅಡುಗೆಮನೆಗೆ ಹೋಗುವುದು, ಮತ್ತೆ ಬರುವುದು. ಹೊಸ ಕೂಲರ್ ಬಂದಿತ್ತು, ಪ್ಲಾಸ್ಟಿಕ್ಕಿನದು. ಅಪ್ಪ ಕುರ್ಚಿಯನ್ನು ಎದುರು ಗೋಡೆಗೆ ಹಾಕಿಕೊಂಡಿದ್ದರು. ಲೈಟು ಬೇಕಿದ್ದರೂ ಹೆಂಡತಿಯನ್ನು ಕರೆಯುವರು.

ಮೂರನೇ ವಾರ, ಒಂದು ಸಂಜೆ ಐದರ ಹೊತ್ತಿಗೆ, ಅವ್ವ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಾ ಮೆಲ್ಲಗೆ ಹೇಳಿದರು. “ಮನಿ ಬಿಟ್ಟು ಹೊರಗ ಹೋಗವಲ್ರು ತಂಗಿ. ದಿನಾ ಸಂಜೀಕ ಬಗೀಚಾದಾಗ ರಿಟೈರ್ ಮಂದಿ ಜೋಡಿ ಕುಂಡ್ರತಿದ್ರು. ಅವ್ರು ಕೇಳಿದ್ರ ಏನ್ ಹೇಳ್ಲಿ ಅಂತಾರ. ಮಗನ ಮುಖ ನೋಡಿ ಮಾತಾಡಂಗಿಲ್ಲ. ಅವಾ ಚಾಷ್ಟಿ ಮಾಡಿದಷ್ಟೂ ಇವ್ರು ಕುಗ್ಗತಾರ.”

ನಾನು ಹಾಲಿಗೆ ಹೋದೆ. ನಿಂತೇ ಹೇಳಿದೆ. “ಅಂಕಲ್, ಅವತ್ತು ಕೂಲರ್ ಹಾಕಿದ್ದು ನೀವಲ್ಲ. ನಾನು.”

ಅವರು ನನ್ನನ್ನು ನೋಡಿ ನಕ್ಕರು. ಮೂರು ವಾರದಲ್ಲಿ ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು.

“ನೀ ನಾಕನೇದಾಕಿ” ಎಂದರು, ಅಡುಗೆಮನೆಯ ಕಡೆ ಕೈ ತೋರಿಸುತ್ತಾ. “ಮೊದ್ಲು ಇಕಿ ಬಂದ್ಲು, ನನ್ನ ಸೆರಗು ತಾಗಿ ಸ್ವಿಚ್ ಬಿತ್ತೇನೋ ಅಂತ. ಆಮ್ಯಾಲೆ ಮಗಾ ಬಂದ, ನಾನ ಬಂದ್ ಮಾಡೂದು ಮರತಿದ್ನೇನೋ ಅಂತ. ಡಾಕ್ಟರ್ ಹುಡುಗಿ ಬಂದ್ಲು, ಟಿವಿ ನಡುವ ನಿಲ್ಸಿದ್ದು ನಂದ ತಪ್ಪು ಅಂದ್ಲು. ಈಗ ನೀನು. ಬಾಳ ಚಲೋ ಮಂದಿ ಅದೀರಿ ಎಲ್ಲಾರೂ. ಕುಂಡ್ರು, ಚಾ ಕುಡಿ.”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ತಯಾರಾಗಿ ಹೋಗಿದ್ದೆ. “ಸುಳ್ಳಲ್ಲ ಅಂಕಲ್. ನಿಮ್ಮ ಹೆಗಲ ಮೇಲಿಂದ ಕೈ ಹಾಕಿದೆ. ನೀವು ನಿದ್ದೆಯಲ್ಲಿದ್ರಿ.”

“ಹೂಂ. ಬರೋಬರ್.”

“ಒಂದೇ ಸ್ವಿಚ್ ಹಾಕಿದ್ದು. ಬಲಗಡೆದು. ಫ್ಯಾನಿಂದು. ಪಂಪಿಂದು ಹಾಕಲೇ ಇಲ್ಲ.”

ಅವರ ಮುಖದ ನಗು ಅಲ್ಲೇ ನಿಂತಿತು. ಇಲ್ಲಿ ಬೇಸಿಗೆ ಕಳೆದ ಯಾರೂ ಪಂಪು ಹಾಕದೆ ಫ್ಯಾನು ಹಾಕುವುದಿಲ್ಲ. ಹುಲ್ಲು ಒದ್ದೆಯಾಗದೆ ಫ್ಯಾನು ತಿರುಗಿದರೆ ಬರುವುದು ಬೆಂಕಿಯ ಗಾಳಿ. ನಿದ್ದೆಗಣ್ಣಲ್ಲೂ ಅವರ ಕೈ ಮೊದಲು ಎಡಗಡೆಗೆ ಹೋಗುತ್ತಿತ್ತು. ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು.

“ಏ ಇಕಿ! ಅವತ್ತು ನೀ ಎಷ್ಟು ಸ್ವಿಚ್ ಬಂದ್ ಮಾಡ್ದಿ?”

ಅವ್ವ ಈರುಳ್ಳಿಯ ಕೈಯಲ್ಲೇ ಬಾಗಿಲಿಗೆ ಬಂದರು. “ಯಾಕ್ರಿ ಈಗ?”

“ಹೇಳ ಅಂದ್ರ ಹೇಳು. ಒಂದೋ ಎರಡೋ?”

“ಒಂದು. ಸ್ವಿಚ್ಚಿನ ಬಾಜೂಕಿನ ಕೆಂಪು ದೀಪ ಒಂದ ಹತ್ತಿತ್ತು. ಅದನ್ನ ನೋಡಿ ಹೊಡದೆ.” ಬೋರ್ಡಿನ ಕಡೆ ಬೆರಳು ತೋರಿಸಿ, “ಬಲಕ್ಕಿಂದು” ಎಂದರು. ಆಮೇಲೆ ನನ್ನ ಮುಖ ನೋಡಿ ಬಾಯಿಗೆ ಸೆರಗು ಹಿಡಿದರು.

ಒಲೆಯ ಮೇಲೆ ಎಣ್ಣೆ ಕಾದು ವಾಸನೆ ಬಂತು, ಅವ್ವ ಓಡಿ ಹೋಗಿ ಆರಿಸಿ ಬಂದರು. ಅಪ್ಪ ಎದ್ದು ನಿಂತಿದ್ದರು.

“ಮೂರು ವಾರ” ಎಂದರು. ದನಿ ಏರಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ಮೂರು ವಾರ ನನ್ನ ಕೈ ನಾನ ನೋಡಕೋತ ಕುಂತೇನಿ. ನೀ ಸೇಬು ತಗೊಂಡ್ ಬರ್ತಿದ್ದಿ. ನನ್ನ ಮುಂದ ಕುಂತು ಚಾ ಕುಡದು ಹೋಗ್ತಿದ್ದಿ.”

“ಹೌದು ಅಂಕಲ್.”

“ಕಲ್ತಾಕಿ ನೀ.”

“ಹೌದು.”

“ಸ್ವಿಚ್ ಒತ್ತಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಯಾರ ಕೈಲೆ ಬೇಕಾದ್ರೂ ಆಗ್ತದ ಅದು. ಈ ಮೂರು ವಾರದ್ದು ಹೇಳು. ಏನ್ ಅನ್ಲಿ ಅದಕ್ಕ?”

ಹೆದರಿಕೆ ಎಂದು ಹೇಳಬಹುದಿತ್ತು. ಆ ಮನೆ ತಪ್ಪಿ ಹೋಗುತ್ತದೆ ಎಂದು, ಈ ಊರಲ್ಲಿ ನನಗೆ ಇರುವುದು ಅದೊಂದೇ ಬಾಗಿಲು ಎಂದು. ಎಲ್ಲ ನಿಜ, ಆದರೆ ಅವರ ಎದುರು ನಿಂತಾಗ ಒಂದನ್ನೂ ಬಾಯಿಗೆ ತರಲಾಗಲಿಲ್ಲ.

ಅವರು ಉತ್ತರಕ್ಕೆ ಕಾಯಲಿಲ್ಲ. ಬಾಗಿಲ ಬಳಿ ಚಪ್ಪಲಿ ಹುಡುಕಿದರು. ಒಂದು ಕಪಾಟಿನ ಕೆಳಗೆ ಸೇರಿತ್ತು, ಅದನ್ನು ಕಾಲಲ್ಲಿ ಎಳೆದು ಮೆಟ್ಟಿ ಹೊರಟರು. ಗೇಟು ಧಡ್ ಎಂದಿತು. ಅವ್ವ ಕಿಟಕಿಗೆ ಹೋಗಿ ನಿಂತರು.

“ಬಗೀಚಾದ ಕಡೆ ಹೊಂಟ್ರು” ಎಂದರು. ಸ್ವಲ್ಪ ಹೊತ್ತು ನೋಡಿ, “ಎಷ್ಟ್ ಜಲ್ದಿ ನಡಿಲಿಕ್ಕತ್ತಾರ ನೋಡು, ಸಿಟ್ಟು ಬಂದ್ರ ಹಿಂಗ ಅವ್ರು” ಎಂದರು. ನನ್ನ ಕಡೆ ತಿರುಗಲಿಲ್ಲ. “ಮಗಗ ನೀನ ಹೇಳು. ನಾ ಹೇಳಂಗಿಲ್ಲ.”

ಗೆಳೆಯ ವಾಡಿಯಿಂದ ಬರುವುದು ಆರೂವರೆಗೆ. ಒಳಗೆ ಕೂರಲು ಮನಸ್ಸಾಗದೆ ಗೇಟಿನ ಬಳಿ ನಿಂತೆ. ಮಳೆ ಇನ್ನೂ ಬಂದಿರಲಿಲ್ಲ, ಬಿಸಿಲು ಇಳಿದರೂ ರಸ್ತೆ ಸುಡುತ್ತಿತ್ತು. ಈ ಸಲ ಮರುದಿನಕ್ಕೆ ತಳ್ಳಬಾರದು ಎಂದು ಗೇಟಿನ ಸರಳು ಹಿಡಿದುಕೊಂಡಿದ್ದೆ. ಅವನು ಬೈಕು ನಿಲ್ಲಿಸಿ ಹೆಲ್ಮೆಟ್ಟಿಗೆ ಕೈ ಹಾಕುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಸ್ವಿಚ್ಚು, ಪಂಪು, ನಾನು ನಕ್ಕದ್ದು, ಆ ಮಾತು ಆಡಿದ್ದು, ಮೂರು ವಾರ, ಎಲ್ಲ.

ಹೆಲ್ಮೆಟ್ಟಿನೊಳಗೆ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಬೈಕಿನ ಇಂಜಿನ್ನು ಇನ್ನೂ ಓಡುತ್ತಿತ್ತು.

“ಅಪ್ಪಗ ಹೇಳ್ದಿ?”

“ಹೇಳಿದೆ. ಸಿಟ್ಟು ಮಾಡಿಕೊಂಡು ಹೊರಗೆ ಹೋದರು.”

“ಹೊರಗ? ಮೂರು ವಾರ ಆದಮ್ಯಾಲ? ಒಬ್ಬರ? ನಡಕೋತ?”

“ಬಗೀಚಾ ಕಡೆ.”

ಅವನು ಹೆಲ್ಮೆಟ್ ತೆಗೆಯಲಿಲ್ಲ. ಪಟ್ಟಿ ಕಟ್ಟಿದ ಕೈಯಿಂದಲೇ ಹ್ಯಾಂಡಲ್ ತಿರುಗಿಸಿ, ಕಾಲು ನೆಲಕ್ಕೆ ಒದ್ದು, ಬಂದ ದಾರಿಗೇ ಬೈಕು ಹೊರಳಿಸಿ ಅಪ್ಪನನ್ನು ಹುಡುಕಿಕೊಂಡು ಹೋದ. ನನಗೆ ಇರು ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ಗೇಟಿನ ಬಳಿಯೇ ಇದ್ದೆ.